ಸಮಾಧಾನದ ಗುಂಡಿ

ಕಡೇಗಡ್ಡೆಯ ದೋಣಿಕಟ್ಟೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ‘ಪಾಲಕ’ ತನ್ನ ಕೆಲಸ ಮುಗಿಸಿ, ಹಸಿರು ದೀಪ ಹೊತ್ತಿಸಿ ಸುಮ್ಮನಾಯಿತು. ಸೌರಫಲಕಗಳ ಚಪ್ಪರದ ಕೆಳಗೆ ಗೋಡೆಗೆ ಬಿಗಿದಿದ್ದ ಬೂದುಬಣ್ಣದ ಚಾರ್ಜರ್ ಅದು. ಅದರಿಂದ ಹೊರಟ ದಪ್ಪ ತಂತಿ ಕಟ್ಟೆಯ ಮೆಟ್ಟಿಲಿಳಿದು ದೋಣಿಯೊಳಗಿನ ಬ್ಯಾಟರಿಗೆ ಸೇರಿತ್ತು. ಪೆಟ್ಟಿಗೆಯ ಮುಖದ ಮೇಲೆ ಅಂಗೈಯಗಲದ ಪರದೆ; ಅದೇ ಅಂಕೆ ತೋರಿಸುವ ಇನ್ನೊಂದು ಪರದೆ ದೋಣಿಯ ಚುಕ್ಕಾಣಿಯ ಬಳಿ. ಪೆಟ್ಟಿಗೆಯ ಪರದೆಯ ಕೆಳಗೆ ಒಂದೇ ಒಂದು ಗುಂಡಿ. ಎಡಕ್ಕೆ ತಿರುಗಿಸಿದರೆ ‘ಮಿತ’, ನಡುವೆ ‘ಸಾಧಾರಣ’, ಬಲತುದಿಗೆ ‘ಪೂರ್ಣ’. ದೋಣಿ ನಡೆಸುವ ಹುಸೇನಮ್ಮ ಹಿಂದಿನ ದಿನವೇ ಅದನ್ನು ಬಲತುದಿಗೆ ತಿರುಗಿಸಿಟ್ಟಿದ್ದಳು. ಮೇಲಿನ ಅಣೆಕಟ್ಟೆಯ ಬಾಗಿಲುಗಳನ್ನು ತೆರೆದಿದ್ದಾರೆ ಎಂಬ ಸುದ್ದಿ ಬಂದಿತ್ತು. ಹೊಳೆ ಏರುವ ದಿನ ಬ್ಯಾಟರಿ ತುಂಬಿರಬೇಕು. ಈಗ ಪರದೆಯ ಮೇಲೆ ನೂರು ಎಂದು ಮೂಡಿತ್ತು. ಅದನ್ನು ನೋಡಿ ಅವಳು ತಂತಿ ಕಳಚಿ, ಸುರುಳಿ ಸುತ್ತಿ ಗೂಟಕ್ಕೆ ಹಾಕಿದಳು.

ಕಡೇಗಡ್ಡೆ ಕೃಷ್ಣಾ ನದಿಯ ನಡುವಿನ ಒಂದು ದ್ವೀಪ. ತೊಂಬತ್ತು ಮನೆಗಳು, ಒಂದು ಶಾಲೆ, ಬಹಳಷ್ಟು ಕುರಿ. ರಾಯಚೂರಿನ ಕಡೆಯ ದಂಡೆಗೆ ಹೋಗಲು ಒಂದು ಕಾಲದಲ್ಲಿ ಹರಿಗೋಲು ಇತ್ತು. ಅದಕ್ಕೆ ಹುಟ್ಟು ಹಾಕುತ್ತಿದ್ದವನು ಹುಸೇನಮ್ಮನ ತಂದೆ. ಆಮೇಲೆ ಡೀಸೆಲ್ ದೋಣಿ ಬಂತು, ಅದರ ನಂತರ ವಿದ್ಯುತ್ ದೋಣಿ. ಐವತ್ತೆರಡು ವರ್ಷದ ಹುಸೇನಮ್ಮ ಮೂರನ್ನೂ ನಡೆಸಿದವಳು. ವಿದ್ಯುತ್ ದೋಣಿಗೆ ಹಳೆಯ ಬ್ಯಾಟರಿ ಹೋಗಿ ಹೊಸ ‘ದೀರ್ಘಕೋಶ’ ಬಂದು, ಜೊತೆಗೆ ಪಾಲಕವೂ ಬಂದು ಹತ್ತು ತಿಂಗಳಾಗಿತ್ತು.

ದೀರ್ಘಕೋಶ ಆ ಕಾಲದ ದೊಡ್ಡ ಸಾಧನೆ, ಅದರಲ್ಲಿ ಅನುಮಾನವಿಲ್ಲ. ಉಪ್ಪಿನಿಂದ ಪಡೆದ ಸೋಡಿಯಂ ಬಳಸಿ ಮಾಡಿದ ಆ ಬ್ಯಾಟರಿ ಮೂವತ್ತು ವರ್ಷ ಬಾಳುತ್ತಿತ್ತು. ಒಂದೇ ಷರತ್ತು: ಅದನ್ನು ದಿನವೂ ಕಂಠಪೂರ್ತಿ ತುಂಬಿಸಬಾರದು. ನೂರು ಭಾಗದಲ್ಲಿ ಎಂಬತ್ತು ಭಾಗ ತುಂಬುವವರೆಗೆ ವಿದ್ಯುತ್ಕಣಗಳು ಸಲೀಸಾಗಿ ಒಳಗೆ ಹೋಗಿ ಕೂರುತ್ತವೆ. ಕೊನೆಯ ಇಪ್ಪತ್ತು ಭಾಗ ತುಂಬುವಾಗ ಒಳಗಿನ ಪದರಗಳು ಉಬ್ಬುತ್ತವೆ, ಬಿಸಿಯಾಗುತ್ತವೆ, ಕೂದಲೆಳೆಯಷ್ಟು ಬಿರಿಯುತ್ತವೆ. ಎಂದೋ ಒಮ್ಮೆ ಆದರೆ ಚಿಂತೆಯಿಲ್ಲ. ದಿನವೂ ಆದರೆ ಮೂವತ್ತು ವರ್ಷದ ಬ್ಯಾಟರಿ ಐದೇ ವರ್ಷಕ್ಕೆ ಮುದಿಯಾಗುತ್ತದೆ. ಆದ್ದರಿಂದ ಎಷ್ಟು ತುಂಬಿಸಬೇಕು, ಎಷ್ಟು ವೇಗವಾಗಿ ತುಂಬಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನೆಲ್ಲ ಚಾರ್ಜರಿನಲ್ಲೂ ವಾಹನದಲ್ಲೂ ಇದ್ದ ಒಂದು ತಂತ್ರಾಂಶ ನೋಡಿಕೊಳ್ಳುತ್ತಿತ್ತು. ಅದಕ್ಕೆ ‘ಚಾಲಕ ತಂತ್ರಾಂಶ’ ಎಂದು ಹೆಸರು. ಯಂತ್ರದ ಕೈಕಾಲುಗಳನ್ನು ಆಡಿಸುವ ಬುದ್ಧಿ ಅದು.

ಆ ಬುದ್ಧಿಯ ಮೇಲೆ ಬಳಕೆದಾರರಿಗೆ ಎಷ್ಟು ಹಿಡಿತ ಕೊಡಬೇಕು? ಈ ಪ್ರಶ್ನೆಯನ್ನು ಬಗೆಹರಿಸಲು ದೀರ್ಘಕೋಶ ನಿಗಮವು ‘ಬಳಕೆದಾರ ಸ್ವಾತಂತ್ರ್ಯ ನಿರ್ಧಾರಕ ಸಮಿತಿ’ಯನ್ನು ನೇಮಿಸಿತ್ತು. ಸಮಿತಿಯಲ್ಲಿ ಒಂಬತ್ತು ಸದಸ್ಯರು. ಅವರಲ್ಲಿ ಏಳು ಮಂದಿಯ ಮನೆಯಲ್ಲಿ ವಾಹನಕ್ಕೆ ಚಾರ್ಜರ್ ತಂತಿ ಸಿಕ್ಕಿಸುವವರು ಮನೆಗೆಲಸದವರಾಗಿದ್ದರು. ಬಳಕೆದಾರರು ಯಾರೂ ಸಮಿತಿಯಲ್ಲಿರಲಿಲ್ಲ. ಅವರಿದ್ದರೆ ಚರ್ಚೆಗೆ ಧಕ್ಕೆಯಾಗುತ್ತದೆ ಎಂದು ಮೊದಲ ಸಭೆಯಲ್ಲೇ ಒಮ್ಮತವಾಗಿತ್ತು. ಅಧ್ಯಕ್ಷರು ನಿಗಮದ ಮಹಾನಿರ್ದೇಶಕ ವಾಮನ ಇನಾಮದಾರರು. ‘ಜನ’ ಎಂಬ ಶಬ್ದವನ್ನು ಆಡುವಾಗ ಹಲ್ಲಿಗೆ ಸಿಕ್ಕಿದ ಅಡಿಕೆಚೂರನ್ನು ನಾಲಗೆಯಿಂದ ತೆಗೆಯುವವರಂತೆ ಅವರ ಮುಖವಾಗುತ್ತಿತ್ತು.

ಸಮಿತಿ ಎರಡು ಪ್ರಯೋಗ ನಡೆಸಿತು. ಮೊದಲನೆಯದರಲ್ಲಿ ಗುಂಡಿಯೇ ಇಲ್ಲದ ಚಾರ್ಜರನ್ನು ಎರಡು ಸಾವಿರ ಮನೆಗಳಿಗೆ ಕೊಟ್ಟರು. ಯಂತ್ರ ಎಂಬತ್ತಕ್ಕೆ ನಿಲ್ಲುತ್ತಿತ್ತು, ಕಾರಣ ಹೇಳುತ್ತಿರಲಿಲ್ಲ. ಜನ ರೇಗಿದರು. “ಮಗಳ ನಿಶ್ಚಿತಾರ್ಥಕ್ಕೆ ಹೊರಟಿದ್ದೆ, ನಿಮ್ಮ ಡಬ್ಬಿ ನನಗೆ ಇಷ್ಟು ಸಾಕು ಅಂತ ತೀರ್ಮಾನಿಸಿತು. ಅದು ಯಾರು ನನ್ನ ಅತ್ತೆಯೇ?” ಎಂದು ದಾವಣಗೆರೆಯಿಂದ ಒಬ್ಬಾಕೆ ಬರೆದಳು. ಎರಡನೆಯ ಪ್ರಯೋಗದಲ್ಲಿ ನಲವತ್ಮೂರು ಹೊಂದಾಣಿಕೆಗಳಿದ್ದ ಚಾರ್ಜರನ್ನು ನಿಗಮದ ವಸತಿ ಬಡಾವಣೆಯಲ್ಲೇ ಹಂಚಿದರು. ಅಲ್ಲಿದ್ದವರೆಲ್ಲ ಎಂಜಿನಿಯರುಗಳು. ಅವರು ನಲವತ್ಮೂರನ್ನೂ ತುತ್ತತುದಿಗೆ ಏರಿಸಿ, ಐದು ತಿಂಗಳಲ್ಲಿ ಬ್ಯಾಟರಿಗಳನ್ನು ಉಬ್ಬಿದ ಪೂರಿಯಂತೆ ಮಾಡಿದರು. ಇನಾಮದಾರರ ಮನೆಯ ಬ್ಯಾಟರಿ ಎಲ್ಲಕ್ಕಿಂತ ಮೊದಲು ಉಬ್ಬಿತು. ಜನಸಾಮಾನ್ಯರಿಗೆ ವಿವೇಚನೆ ಇಲ್ಲವೆಂಬುದು ಈ ಪ್ರಯೋಗದಿಂದ ಸಿದ್ಧವಾಯಿತು ಎಂದು ಸಮಿತಿ ನಡಾವಳಿ ಬರೆದುಕೊಂಡಿತು.

ಚಾಲಕ ತಂತ್ರಾಂಶವನ್ನು ಬರೆದವಳು ಡಾಕ್ಟರ್ ಸುಮಿತ್ರಾ ತೊರವಿ. ವಿಜಯಪುರದ ಕಡೆಯವಳು, ನಲವತ್ತರ ಸುಮಾರಿನ ವಿಜ್ಞಾನಿ. ಕೊನೆಯ ಸಭೆಗೆ ಅವಳನ್ನು ಕರೆದರು.

“ಆಯ್ಕೆ ಎರಡೇ ಇರಲಿ ಸರ್,” ಎಂದಳು ಅವಳು. “ದಿನನಿತ್ಯಕ್ಕೆ ಎಂಬತ್ತು. ಅಗತ್ಯ ಬಿದ್ದ ದಿನ ನೂರು. ಒಂದು ಸಲ ನೂರು ತುಂಬಿಸಿದರೆ ಬ್ಯಾಟರಿಯ ಆಯುಷ್ಯ ಐದು ದಿನ ಕಡಿಮೆಯಾಗುತ್ತದೆ ಎಂದು ಪರದೆಯ ಮೇಲೆ ಒಂದು ಸಾಲು ಬರೆಯೋಣ. ತೀರ್ಮಾನ ಅವರದು.”

“ಜನ ಓದುತ್ತಾರೆ ಅಂತ ನಿಮಗೆ ಯಾರು ಹೇಳಿದರು?” ಎಂದರು ಇನಾಮದಾರರು.

“ಓದದಿದ್ದರೆ ಬಳಸಿ ಕಲಿಯುತ್ತಾರೆ.”

“ಅವರು ಕಲಿಯುವಷ್ಟರಲ್ಲಿ ನಮ್ಮ ಮೂವತ್ತು ವರ್ಷದ ಖಾತರಿ ಮಣ್ಣುಪಾಲಾಗಿರುತ್ತದೆ. ನೋಡಿ ಡಾಕ್ಟರ್, ಜನರಿಗೆ ಅಧಿಕಾರ ಬೇಕಿಲ್ಲ. ಅಧಿಕಾರ ಇದೆ ಎಂಬ ಸಮಾಧಾನ ಬೇಕು. ಒಂದು ಗುಂಡಿ ಕೊಡಿ. ಗುಂಡಿಯ ಹಿಂದೆ ತಂತಿ ಕೊಡಬೇಡಿ.”

ಸಮಿತಿಯ ಮನಶ್ಶಾಸ್ತ್ರಜ್ಞರು ಮೇಜು ತಟ್ಟಿದರು, ಉಳಿದವರೂ ತಟ್ಟಿದರು.

“ಎಲ್ಲಿ ತಿರುಗಿಸಿದರೂ ಎಂಬತ್ತಕ್ಕೇ ನಿಲ್ಲಬೇಕು. ‘ಪೂರ್ಣ’ಕ್ಕೆ ತಿರುಗಿಸಿದವರಿಗೆ ಪರದೆ ನೂರು ಎಂದು ತೋರಿಸಲಿ,” ಎಂದು ಇನಾಮದಾರರು ವಿವರಿಸಿದರು.

“ಅದು ಸುಳ್ಳಲ್ಲವೇ ಸರ್?”

“ಸುಳ್ಳಲ್ಲ. ಅದಕ್ಕೆ ಬಳಕೆದಾರರ ಅನುಭವ ಎನ್ನುತ್ತಾರೆ.”

ಸುಮಿತ್ರಾ ಅಂದು ಮನೆಗೆ ಹೋಗಿ ರಾಜೀನಾಮೆ ಬರೆದಳು. ಮರುದಿನ ಅದರ ಭಾಷೆ ತಿದ್ದಿದಳು. ಎರಡು ವಾರ ತಿದ್ದಿ ತಿದ್ದಿ, ಕೊನೆಗೆ ಅದನ್ನು ಬದಿಗಿಟ್ಟು, ಕೇಳಿದ ತಂತ್ರಾಂಶವನ್ನು ಬರೆದು ಕೊಟ್ಟಳು. ಅದನ್ನು ಚೆನ್ನಾಗಿಯೇ ಬರೆದಳು. ಕೆಟ್ಟದಾಗಿ ಬರೆಯುವುದು ಅವಳಿಗೆ ಗೊತ್ತಿರಲಿಲ್ಲ. ಎಂಬತ್ತನ್ನು ನೂರು ಎಂದು ತೋರಿಸಿದರೆ ಬಳಸುವಾಗ ಅಂಕೆ ಬೇಗಬೇಗ ಇಳಿದು ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಮೊದಲರ್ಧದಲ್ಲಿ ಅಂಕೆ ನಿಜಕ್ಕಿಂತ ನಿಧಾನವಾಗಿ ಇಳಿಯುವಂತೆ, ಬಾಕಿಯನ್ನೆಲ್ಲ ಕೊನೆಯಲ್ಲಿ ಒಮ್ಮೆಲೇ ಇಳಿಸುವಂತೆ ಅವಳು ಹೊಂದಿಸಿದಳು. ಬಹುತೇಕ ಜನ ದಿನಕ್ಕೆ ಅರ್ಧ ಬ್ಯಾಟರಿಯನ್ನೂ ಬಳಸುವುದಿಲ್ಲ. ಅವರಿಗೆ ಎಂದೂ ಗೊತ್ತಾಗುವ ಹಾಗಿರಲಿಲ್ಲ. ಗುಂಡಿ ತಿರುಗಿದಾಗ ‘ಕಟ್’ ಎಂದು ತೃಪ್ತಿಕರ ಸದ್ದು ಬರಬೇಕೆಂದು ನಿಗಮ ಒಬ್ಬ ಧ್ವನಿತಜ್ಞರನ್ನು ಕರೆಸಿತು. ಇಡೀ ಗುಂಡಿಯಲ್ಲಿ ನಿಜವಾಗಿದ್ದದ್ದು ಆ ಸದ್ದೊಂದೇ. ಕಡತಗಳಲ್ಲಿ ಅದಕ್ಕೆ ‘ಸಮಾಧಾನ ಗುಂಡಿ’ ಎಂದು ಹೆಸರಿಟ್ಟರು.

ಗ್ರಾಹಕರ ತೃಪ್ತಿ ಶೇಕಡಾ ಮೂವತ್ತೊಂದರಿಂದ ತೊಂಬತ್ನಾಲ್ಕಕ್ಕೆ ಏರಿತು. ಇನಾಮದಾರರಿಗೆ ಪದಕ ಬಂತು. ‘ಬಳಕೆದಾರನೇ ಒಡೆಯ’ ಎಂಬ ವಿಷಯದ ಮೇಲೆ ಅವರು ಊರೂರು ಸುತ್ತಿ ಭಾಷಣ ಮಾಡಿದರು.

ಹುಸೇನಮ್ಮನ ದೋಣಿಯ ಪರದೆ ನೂರು ತೋರಿಸಿದ ಆ ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಕುರಿ ಕಾಯುವ ಮೌನೇಶನಿಗೆ ಕೊಳಕುಮಂಡಲ ಹಾವು ಕಚ್ಚಿತು. ಮೂವತ್ತು ವರ್ಷದ ಗಟ್ಟಿ ಆಳು. ಹೊಳೆಯಂಚಿನ ಜಾಲಿಮುಳ್ಳಿನಲ್ಲಿ ಸಿಕ್ಕಿದ ಮರಿಯೊಂದನ್ನು ಬಿಡಿಸಲು ಹೋದವನು. ನಾಲ್ಕು ಜನ ಅವನನ್ನು ಹೊರಸಿನ ಮೇಲೆ ಹೊತ್ತು ಕಟ್ಟೆಗೆ ತಂದರು. ಹೆಂಡತಿ ಬಸಲಿಂಗಮ್ಮ ಜೊತೆಗೆ ಓಡಿಬಂದಳು. ದಂಡೆಯಾಚೆಯ ಆಸ್ಪತ್ರೆಗೆ ಸುದ್ದಿ ಹೋಯಿತು. ಔಷಧ ತರುವ ಡ್ರೋನ್ ಆ ಗಾಳಿಗೆ ಮೇಲೇಳಲಾರದು, ರೋಗಿಯನ್ನೇ ಕರೆತನ್ನಿ, ಎರಡು ಮೂರು ಗಂಟೆಯೊಳಗೆ ಬಂದರೆ ಭಯವಿಲ್ಲ ಎಂದರು ಅಲ್ಲಿನ ವೈದ್ಯರು.

ಹೊಳೆ ಕೆಂಪಾಗಿ ಉಬ್ಬಿ ಹರಿಯುತ್ತಿತ್ತು. ಹುಸೇನಮ್ಮನ ಮುಂದೆ ಎರಡು ದಾರಿಗಳಿದ್ದವು. ಒಂದು, ಸೆಳವಿಗೆ ಎದುರಾಗಿ ಒಂದೂವರೆ ಮೈಲಿ ಮೇಲೆ ಹೋಗಿ, ಅಲ್ಲಿಂದ ಅಡ್ಡ ಕತ್ತರಿಸಿ ಆಸ್ಪತ್ರೆಯ ದಂಡೆ ಸೇರುವುದು; ಮುಕ್ಕಾಲು ಗಂಟೆಯ ಕೆಲಸ. ಇನ್ನೊಂದು, ಸೆಳವಿನ ಜೊತೆಗೇ ಕೆಳಗೆ ಹೋಗಿ ಕೆಳದಂಡೆಯ ಊರು ಮುಟ್ಟಿ, ಅಲ್ಲಿಂದ ಜೀಪಿನಲ್ಲಿ ಸುತ್ತಿ ಬರುವುದು, ಎರಡೂವರೆ ಗಂಟೆ. ಹಳೆಯ ಬ್ಯಾಟರಿಯಿದ್ದಾಗ ಇಂಥ ಹೊಳೆಯಲ್ಲಿ ಅವಳು ಎರಡು ಸಲ ಮೇಲುದಾರಿಯಲ್ಲಿ ದಾಟಿದ್ದಳು. ಎಂಬತ್ತೈದರಿಂದ ತೊಂಬತ್ತು ಭಾಗ ಖರ್ಚಾಗಿತ್ತು. ಅವಳು ಪರದೆಯನ್ನು ಇನ್ನೊಮ್ಮೆ ನೋಡಿದಳು.

“ಮುಟ್ಟತೀವೇನಬೇ?” ಎಂದಳು ಬಸಲಿಂಗಮ್ಮ.

“ನೂರು ಅದ. ಮುಟ್ಟೇ ಮುಟ್ಟತೀವಿ. ನೀ ಅವನ ಕಾಲು ಅಲುಗಾಡದಂಗ ಹಿಡಕೊಂಡು ಕೂಡು.”

ದೋಣಿ ಮೇಲುದಾರಿ ಹಿಡಿಯಿತು. ಅರ್ಧ ಗಂಟೆಯಲ್ಲಿ ಸೆಳವನ್ನು ಸೀಳಿಕೊಂಡು ತಿರುವಿನವರೆಗೆ ಏರಿತು. ಆಗ ಪರದೆಯಲ್ಲಿ ನಲವತ್ತಾರು ಇತ್ತು. ಹುಸೇನಮ್ಮ ಚುಕ್ಕಾಣಿ ಹೊರಳಿಸಿ ಹೊಳೆಗೆ ಅಡ್ಡಬಿಟ್ಟಳು. ನಟ್ಟನಡುವೆ ಬಂದಾಗ ಅಂಕೆ ಉರುಳತೊಡಗಿತು. ಮೂವತ್ತು, ಹದಿನೇಳು, ಆರು. ಅವಳು ಪರದೆಯನ್ನು ಅಂಗೈಯಿಂದ ಒಮ್ಮೆ ಬಡಿದಳು. ಮೋಟಾರು ನಿಂತಿತು. ದಂಡೆಯ ಮೇಲೆ ಆಂಬುಲೆನ್ಸಿನ ಪಕ್ಕದಲ್ಲಿ ನಿಂತವರ ಅಂಗಿಯ ಬಣ್ಣ ಕೂಡ ಕಾಣುತ್ತಿತ್ತು.

ದೋಣಿ ಎಲೆಯಂತೆ ತಿರುಗುತ್ತ ಕೆಳಗೆ ಹೋಯಿತು. ಬಿದಿರಿನ ಗಳಕ್ಕೆ ತಳ ಸಿಗಲಿಲ್ಲ. ಮುಳುಗಿದ್ದ ಜಾಲಿಮರದ ನೆತ್ತಿ ಕಂಡಾಗ ಹುಸೇನಮ್ಮ ಹಗ್ಗ ಎಸೆದಳು. ಹಗ್ಗ ಬಿಗಿದಾಗ ಅವಳ ಬಲಗೈಯ ಎರಡು ಬೆರಳು ಹಗ್ಗಕ್ಕೂ ದೋಣಿಯ ಕೊಂಡಿಗೂ ನಡುವೆ ಸಿಕ್ಕಿ ಜಜ್ಜಿಹೋದವು. ಆದರೂ ಅವಳು ಬಿಡಲಿಲ್ಲ. ಮೀನುಗಾರರ ದೋಣಿ ಅವರನ್ನು ಕಂಡುಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ಮೂರೂವರೆಯಾಗಿತ್ತು. ಮೌನೇಶ ಆಸ್ಪತ್ರೆ ಸೇರಿದಾಗ ಹಾವು ಕಚ್ಚಿ ಆರು ಗಂಟೆ ಕಳೆದಿತ್ತು. ಅವನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ಮೂರನೆಯ ದಿನ ಅವನು ತೀರಿಕೊಂಡ.

ವಿಚಾರಣೆ ತಾಲೂಕು ಕಚೇರಿಯಲ್ಲಿ ನಡೆಯಿತು. ಪಾಲಕದ ಒಳಗಿನ ದಾಖಲೆಯನ್ನು ನಿಗಮ ಕಳುಹಿಸಿಕೊಟ್ಟಿತು. ದಾಖಲೆಗೆ ಸುಳ್ಳು ಹೇಳಲು ಯಾರೂ ಕಲಿಸಿರಲಿಲ್ಲ. ದೋಣಿ ಹೊರಟಾಗ ಬ್ಯಾಟರಿಯಲ್ಲಿ ಎಂಬತ್ತು ಭಾಗ ಇತ್ತು ಎಂದು ಅದು ಸ್ಪಷ್ಟವಾಗಿ ಹೇಳಿತು.

“ನೀವು ಪೂರ್ತಿ ತುಂಬಿಸದೆ ಹೊರಟಿದ್ದೀರಿ,” ಎಂದರು ವಿಚಾರಣಾಧಿಕಾರಿ.

“ಇಲ್ಲರಿ ಸಾಹೇಬ್ರ. ನೂರು ಇತ್ತು. ನನ್ನ ಕಣ್ಣಿಲೆ ಎರಡು ಸಲ ನೋಡೀನಿ.”

“ಯಂತ್ರ ಎಂಬತ್ತು ಅನ್ನುತ್ತಿದೆ.”

“ಅದೇ ಯಂತ್ರ ನನಗ ನೂರು ಅಂದದರಿ.”

ಕೋಣೆಯಲ್ಲಿ ಯಾರೋ ನಕ್ಕರು. ಜೊತೆಗೆ ದೋಣಿಯಲ್ಲಿದ್ದವಳು ಬಸಲಿಂಗಮ್ಮ ಒಬ್ಬಳೇ; ಅವಳನ್ನು ಕೇಳಿದರು. ಹುಸೇನಮ್ಮ ನೂರು ಅಂದದ್ದು ಕೇಳಿದ್ದೆ, ನಾನು ಗಂಡನ ಮುಖ ನೋಡುತ್ತಿದ್ದೆ, ಪರದೆ ನೋಡಲಿಲ್ಲ ಎಂದಳು. ‘ಸಾಕ್ಷಿಯಿಲ್ಲ’ ಎಂದು ಬರೆದುಕೊಂಡರು. ಆತಂಕದಲ್ಲಿ ಬಳಕೆದಾರರ ನೆನಪು ಎಷ್ಟು ಕೈಕೊಡುತ್ತದೆ ಎಂಬುದರ ಬಗ್ಗೆ ನಿಗಮದಿಂದ ಎಂಟು ಪುಟದ ಟಿಪ್ಪಣಿ ಬಂದಿತ್ತು, ಇನಾಮದಾರರ ಸಹಿಯೊಂದಿಗೆ. ತೀರ್ಪು: ದೋಣಿ ನಡೆಸುವವಳ ನಿರ್ಲಕ್ಷ್ಯ. ಹುಸೇನಮ್ಮನ ಪರವಾನಗಿ ರದ್ದಾಯಿತು.

ಕಡೇಗಡ್ಡೆಯಲ್ಲಿ ಅವಳನ್ನು ಯಾರೂ ಬೈಯಲಿಲ್ಲ. ಎದುರಾದಾಗ ದಾರಿ ಬಿಟ್ಟು ನಿಲ್ಲತೊಡಗಿದರು, ಅಷ್ಟೆ. ಬಸಲಿಂಗಮ್ಮ ಅವಳ ಮನೆಯ ಮುಂದಿನಿಂದ ನೀರಿಗೆ ಹೋಗುವುದನ್ನು ಬಿಟ್ಟಳು.

ತೀರ್ಪಿನ ಕಡತ ಮುಚ್ಚುವ ಮುನ್ನ ದಾಖಲೆ ಸಾಚಾ ಎಂದು ದೃಢೀಕರಿಸುವ ಕಾಗದಕ್ಕೆ ಸಹಿ ಬೇಕಾಗಿತ್ತು. ಅದು ಸುಮಿತ್ರಾಳ ಮೇಜಿಗೆ ಬಂತು. ಅವಳು ಎಂಬತ್ತು ಎಂಬ ಅಂಕೆಯನ್ನು ನೋಡಿದಳು, ಪಕ್ಕದಲ್ಲಿ ಹುಸೇನಮ್ಮನ ಹೇಳಿಕೆಯನ್ನು ಓದಿದಳು. ಇನಾಮದಾರರಿಗೆ ಫೋನು ಮಾಡಿದಳು.

“ದಾಖಲೆ ನಿಜ ತಾನೆ?” ಎಂದರು ಅವರು.

“ದಾಖಲೆ ನಿಜ ಸರ್. ಪರದೆ ಸುಳ್ಳು.”

“ಅವರು ಕೇಳಿರುವುದು ದಾಖಲೆಯ ಬಗ್ಗೆ ಮಾತ್ರ.”

“ಒಬ್ಬ ಮನುಷ್ಯ ಸತ್ತಿದ್ದಾನೆ.”

“ಹಾವು ಕಚ್ಚಿ ಸತ್ತಿದ್ದಾನೆ,” ಎಂದರು ಇನಾಮದಾರರು. “ಹಾವು ನಮ್ಮ ತಯಾರಿಕೆಯಲ್ಲ.”

ಸುಮಿತ್ರಾ ಮೂರು ದಿನ ಆ ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಂಡು ಕುಳಿತಳು. ನಾಲ್ಕನೆಯ ದಿನ ರಾಯಚೂರಿನ ರೈಲು ಹತ್ತಿದಳು.

ಹೊಳೆ ಇಳಿದಿತ್ತು. ಮೀನುಗಾರರೊಬ್ಬರು ಅವಳನ್ನು ದ್ವೀಪಕ್ಕೆ ಮುಟ್ಟಿಸಿದರು. ಹುಸೇನಮ್ಮ ಮನೆಯ ಮುಂದೆ ಕುಳಿತು ಎಡಗೈಯಿಂದ ಬಲೆಯ ಗಂಟು ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದಳು. ಬಲಗೈಗೆ ಬಟ್ಟೆ ಸುತ್ತಿತ್ತು. ಸುಮಿತ್ರಾ ತಾನು ಯಾರೆಂದು ಹೇಳಿ, ಗುಂಡಿಯ ಹಿಂದೆ ಏನೂ ಇಲ್ಲವೆಂದೂ, ಪರದೆಯ ನೂರು ಎಂಬತ್ತೇ ಎಂದೂ, ಹಾಗೆ ತೋರಿಸುವಂತೆ ಬರೆದವಳು ತಾನೇ ಎಂದೂ ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಎರಡೇ ನಿಮಿಷದಲ್ಲಿ ಮುಗಿದುಹೋದವು.

ಹುಸೇನಮ್ಮ ಹಾಕುತ್ತಿದ್ದ ಗಂಟನ್ನು ಬಿಗಿದು ಮುಗಿಸಿದಳು.

“ಯಾಕ್ರಿ ಮತ್ತ? ನಮ್ಮ ಮ್ಯಾಲ ಏನರ ಸಿಟ್ಟಿತ್ತೇನು?” ಎಂದಳು.

“ಸಿಟ್ಟಲ್ಲ. ಬ್ಯಾಟರಿ ಬೇಗ ಹಾಳಾಗಬಾರದು ಅಂತ.”

“ಅದನ್ನ ಹೇಳಿದ್ರ ಆಗ್ತಿರಲಿಲ್ಲೇನು? ದಿನಾ ತುಂಬಬ್ಯಾಡವಾ, ಹಾಳಾಗತದ ಅಂದಿದ್ರ ನಾ ಯಾಕ ತುಂಬತಿದ್ದೆ? ದಿನಾ ದಾಟಾಕ ನನಗ ಹತ್ತು ಭಾಗ ಸಾಕರಿ.”

“ನಿಮಗೆ ತಿಳಿಯೋದಿಲ್ಲ ಅಂತ ಅಂದುಕೊಂಡಿದ್ದರು.”

“ಅವರು ಅಂದ್ಕೊಂಡ್ರು. ನೀವು?”

ಸುಮಿತ್ರಾ ತಲೆ ತಗ್ಗಿಸಿದಳು. “ನಿಮಗ ತಿಳೀತದ ಅಂತ ನನಗ ಗೊತ್ತಿತ್ತು,” ಎಂದಳು. ಅವಳ ಮಾತು ತನಗರಿವಿಲ್ಲದೆ ತವರಿನ ಕನ್ನಡಕ್ಕೆ ಹೊರಳಿತ್ತು. “ಗೊತ್ತಿದ್ದೂ ಬರದುಕೊಟ್ಟೆ.”

ಹುಸೇನಮ್ಮ ಬಲೆಯನ್ನು ಬದಿಗಿಟ್ಟಳು. “ಪರದೆದಾಗ ಎಂಬತ್ತು ಅಂತ ಬಂದಿದ್ರ ನಾ ಮ್ಯಾಲ ಹೋಗತಿರಲಿಲ್ಲರಿ. ಸೆಳುವಿನ ಜತಿಗೆ ಕೆಳಗ ಬಿಡತಿದ್ದೆ. ತಡ ಆಗತಿತ್ತು, ಖರೆ. ಆದ್ರ ಹುಡುಗ ಉಳೀತಿದ್ದ. ಎಂಬತ್ತಕ್ಕ ಎಷ್ಟು ದೂರ ಹೋಗಬಹುದು ಅಂಬೋದು ನನಗ ಗೊತ್ತದ. ಸುಳ್ಳಿಗೆ ಎಷ್ಟು ದೂರ ಹೋಗಬಹುದು ಅಂಬೋದು ನನಗ ಹ್ಯಾಂಗ ಗೊತ್ತಾಗಬೇಕರಿ?”

ಸುಮಿತ್ರಾ ಎದ್ದು ಹೊರಟಾಗ ಹುಸೇನಮ್ಮ ಒಂದೇ ಮಾತು ಹೇಳಿದಳು: “ನನಗ ಹೇಳಿದ್ದು ಸಾಲದರಿ. ಬಸಲಿಂಗಮ್ಮಗ ಹೇಳ್ರಿ.”

ಸುಮಿತ್ರಾ ಬಸಲಿಂಗಮ್ಮನ ಮನೆಗೆ ಹೋಗಿ ಅದನ್ನೇ ಇನ್ನೊಮ್ಮೆ ಹೇಳಿದಳು. ಬಸಲಿಂಗಮ್ಮ ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಕೇಳಿದಳು, ಒಳಗೆ ಹೋದಳು, ಕದ ಹಾಕಿಕೊಂಡಳು.

ಮರುವಾರ ಸುಮಿತ್ರಾ ಸಮಿತಿಯ ನಡಾವಳಿಗಳನ್ನೂ ತಾನು ಬರೆದ ತಂತ್ರಾಂಶವನ್ನೂ ವಿಚಾರಣಾಧಿಕಾರಿಯ ಮೇಜಿನ ಮೇಲಿಟ್ಟಳು, ಪತ್ರಿಕೆಗಳಿಗೂ ಕೊಟ್ಟಳು. ಮೊದಲ ಆರೋಪಿ ತಾನೇ ಎಂದು ಬರೆದುಕೊಟ್ಟಳು. ರಾಜ್ಯವೆಲ್ಲ ಹೊತ್ತಿಕೊಂಡಿತು. ತಮ್ಮ ಮನೆಯ ಗುಂಡಿಯನ್ನು ಕಿತ್ತು ಹಿಂದೆ ತಂತಿಯಿಲ್ಲದ್ದನ್ನು ಕಂಡು ಜನ ಬೀದಿಯಲ್ಲಿ ಗುಂಡಿಗಳ ರಾಶಿ ಸುರಿದರು. ತೀರ್ಪು ತಿರುಗಿತು. ಹುಸೇನಮ್ಮನಿಗೆ ಪರವಾನಗಿ ಮರಳಿ ಬಂತು. ಸುಮಿತ್ರಾಳ ಕೆಲಸ ಹೋಯಿತು. ಅವಳು ರಾಯಚೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳತೊಡಗಿದಳು.

ಇನಾಮದಾರರಿಗೆ ಏನಾಯಿತು? ಏನೂ ಆಗಲಿಲ್ಲ. ಬಳಕೆದಾರರ ಹಕ್ಕಿಗಾಗಿ ತಾವು ಮೊದಲಿನಿಂದಲೂ ಹೋರಾಡಿದ್ದಾಗಿ ಅವರು ಹೇಳಿಕೆ ಕೊಟ್ಟರು. ‘ಈಗ ನಿಜವಾದ ನೂರು!’ ಎಂಬ ಜಾಹೀರಾತಿನೊಂದಿಗೆ ನಿಗಮ ಹೊಸ ತಂತ್ರಾಂಶ ಹೊರತಂದಿತು. ಅದು ಸುಮಿತ್ರಾ ಸಭೆಯಲ್ಲಿ ಹೇಳಿದ್ದೇ ಆಗಿತ್ತು: ಎಂಬತ್ತು, ಬೇಕಾದರೆ ನೂರು, ಜೊತೆಗೆ ಒಂದು ಸಾಲಿನ ಎಚ್ಚರಿಕೆ. ಇನ್ನು ಆರೇ ತಿಂಗಳಲ್ಲಿ ಬ್ಯಾಟರಿಗಳೆಲ್ಲ ಉಬ್ಬುತ್ತವೆ ಎಂದು ಸಮಿತಿ ಭವಿಷ್ಯ ನುಡಿಯಿತು. ಹಾಗಾಗಲಿಲ್ಲ. ಜನ ಆ ಸಾಲನ್ನು ಓದಿದರು, ಬಹುತೇಕ ದಿನ ಎಂಬತ್ತಕ್ಕೇ ನಿಲ್ಲಿಸಿದರು.

ಆದರೆ ನಿಗಮದ ಲೆಕ್ಕಗಣಕಗಳಿಗೆ ಬೇರೆಯೇ ಒಂದು ವಿಚಿತ್ರ ಕಾಣಿಸಿತು. ದಿನವೂ ಬೆಳಿಗ್ಗೆ, ರಾಜ್ಯದ ಉದ್ದಗಲಕ್ಕೂ, ದೋಣಿ, ಆಂಬುಲೆನ್ಸ್, ಶಾಲಾ ವ್ಯಾನುಗಳ ಬ್ಯಾಟರಿಗಳಿಂದ ಹತ್ತು ಹನ್ನೆರಡು ಭಾಗ ವಿದ್ಯುತ್ತು ಮಾಯವಾಗುತ್ತಿತ್ತು. ಪ್ರಯಾಣ ದಾಖಲಾಗಿರುತ್ತಿರಲಿಲ್ಲ, ವಿದ್ಯುತ್ತು ಮಾತ್ರ ಇರುತ್ತಿರಲಿಲ್ಲ. ಬ್ಯಾಟರಿ ಸೋರುತ್ತಿದೆ ಎಂದು ಗಾಬರಿಯಾಗಿ ಇನಾಮದಾರರು ‘ಸೋರಿಕೆ ಶೋಧನಾ ಸಮಿತಿ’ ರಚಿಸಿದರು. ಹಳೆಯ ಒಂಬತ್ತು ಜನರೇ ಇದ್ದರು. ಏಳು ತಿಂಗಳು ಕಳೆದರೂ ಸೋರಿಕೆ ಸಿಗದಿದ್ದಾಗ ಅವರು ನಾಚಿಕೆ ಬಿಟ್ಟು ಸುಮಿತ್ರಾಳಿಗೇ ಫೋನು ಮಾಡಿದರು.

ಅವಳು ಕಡೇಗಡ್ಡೆಗೆ ಹೋಗಿ ನೋಡಿದಳು. ಬೆಳಿಗ್ಗೆ ಏಳು ಗಂಟೆ. ದಾಟಬೇಕಾದ ಇಪ್ಪತ್ತು ಜನ ಮೆಟ್ಟಿಲ ಮೇಲೆ ಕುಳಿತಿದ್ದರು. ಹುಸೇನಮ್ಮ ಖಾಲಿ ದೋಣಿಯನ್ನು ದಂಡೆಯಗುಂಟ ಮೇಲಕ್ಕೂ ಕೆಳಕ್ಕೂ ಓಡಿಸುತ್ತಿದ್ದಳು. ದಂಡೆಯಲ್ಲಿ ಅವಳೇ ನೆಟ್ಟ ಬಿದಿರಿನ ಗಳಗಳಿದ್ದವು. ಒಂದೊಂದು ಗಳ ದಾಟುವಾಗಲೂ ಪರದೆಯ ಅಂಕೆ ಎಷ್ಟು ಇಳಿಯಿತು ಎಂದು ನೋಡುತ್ತಿದ್ದಳು. ಅರ್ಧ ಗಂಟೆಯ ನಂತರ ದೋಣಿ ಕಟ್ಟೆಗೆ ಬಂತು. ಹುಸೇನಮ್ಮ ತಲೆಯಾಡಿಸಿದ ಮೇಲೆಯೇ ಜನ ಎದ್ದು ಹತ್ತಿದರು. ಪರದೆಯಲ್ಲಿ ಎಂಬತ್ತು ಹೋಗಿ ಅರವತ್ತೆಂಟು ಆಗಿತ್ತು.

“ಹುಸೇನಮ್ಮ, ಇದು ನಿಜವಾದ ಎಂಬತ್ತು. ಹೊಸ ತಂತ್ರಾಂಶವನ್ನ ನಾನೇ ಕೂತು ಓದೀನಿ,” ಎಂದಳು ಸುಮಿತ್ರಾ.

“ನೀವು ಹೇಳಿದ್ದನ್ನ ನಂಬತೀನ್ರಿ. ನಾ ಒಬ್ಬಾಕಿ ಹೋಗೋದಿದ್ರ ಹಂಗೇ ಹೋಗತಿದ್ದೆ.” ಹುಸೇನಮ್ಮ ಮೂರು ಬೆರಳಿನ ಕೈಯಿಂದ ದೋಣಿ ಹತ್ತಿ ಕುಳಿತವರ ಕಡೆ ತೋರಿಸಿದಳು.

ವಿದ್ಯುತ್ತು ಸೋರುತ್ತಿದ್ದದ್ದು ಎಲ್ಲಿ ಎಂದು ಸುಮಿತ್ರಾ ಇನಾಮದಾರರಿಗೆ ವಿವರವಾಗಿ ಬರೆದಳು. ಊರೂರಿನಲ್ಲೂ ಇದೇ ನಡೆದಿದೆ, ಆಂಬುಲೆನ್ಸಿನವರು ಆಸ್ಪತ್ರೆಯನ್ನು ನಾಲ್ಕು ಸುತ್ತು ಹಾಕಿ ನೋಡುತ್ತಾರೆ, ಇದಕ್ಕೆ ಔಷಧಿಯೆಂದರೆ ಕಾಲವೊಂದೇ, ಅಲ್ಲಿಯವರೆಗೆ ಅವರನ್ನು ಅವರ ಪಾಡಿಗೆ ಬಿಡಿ ಎಂದಳು. ಸಮಿತಿ ಆ ಪತ್ರವನ್ನು ಆಸಕ್ತಿಯಿಂದ ಓದಿತು. ‘ಬಳಕೆದಾರರ ದುರಭ್ಯಾಸ’ ಎಂದು ಅದಕ್ಕೊಂದು ಶೀರ್ಷಿಕೆ ಕೊಟ್ಟಿತು. ದುರಭ್ಯಾಸವನ್ನು ತಡೆಯಲು ಚಾಲಕ ತಂತ್ರಾಂಶಕ್ಕೆ ಒಂದು ಹೊಸ ನಿಯಮ ಸೇರಿಸಿತು: ನಡೆಸುವವರನ್ನು ಬಿಟ್ಟು ಇನ್ನೊಬ್ಬರಾದರೂ ಕುಳಿತಿಲ್ಲದಿದ್ದರೆ ಬೆಳಗಿನ ಮೊದಲ ಓಟಕ್ಕೆ ಮೋಟಾರು ತಿರುಗದು. ಈ ಸಲ ಮಾತ್ರ ಅದನ್ನು ಮುಚ್ಚಿಡಲಿಲ್ಲ. ಪರದೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿತು. ಅಷ್ಟರಮಟ್ಟಿಗೆ ಸಮಿತಿ ಕಲಿತಿತ್ತು.

ನಿಯಮ ಜಾರಿಯಾದ ದಿನ ಸುಮಿತ್ರಾ ಕಡೇಗಡ್ಡೆಯ ಕಟ್ಟೆಯಲ್ಲಿದ್ದಳು. ಹುಸೇನಮ್ಮ ದೋಣಿಯಲ್ಲಿ ನಿಂತು ಪರದೆ ಓದಿದಳು, ಕೀಲಿ ತಿರುಗಿಸಿದಳು. ಮೋಟಾರು ಮಿಸುಕಲಿಲ್ಲ.

“ಒಂದು ಕಲ್ಲು ಇಡೂಣು,” ಎಂದ ಮೆಟ್ಟಿಲ ಮೇಲಿನ ಮುದುಕನೊಬ್ಬ.

“ಮೈಬಿಸಿ ನೋಡತದಂತ ಯಜ್ಜಾ. ಕಲ್ಲು ನಡಿಯಂಗಿಲ್ಲ,” ಎಂದಳು ಹುಸೇನಮ್ಮ.

“ನಾನು ಬರತೀನಿ,” ಎಂದು ಸುಮಿತ್ರಾ ಒಂದು ಹೆಜ್ಜೆ ಇಟ್ಟಳು.

“ನೀವು ಇವತ್ತು ಬರತೀರಿ. ನಾಳೆ ಯಾರು?”

ಮೆಟ್ಟಿಲ ಮೇಲಿಂದ ಯಾರೂ ಏಳಲಿಲ್ಲ. ಪರೀಕ್ಷೆ ಮಾಡದ ದೋಣಿಯಲ್ಲಿ ಕೂರಬಾರದು ಎಂದೇ ಅವರೆಲ್ಲ ಅಷ್ಟು ತಿಂಗಳಿಂದ ಮೆಟ್ಟಿಲ ಮೇಲೆ ಕಾಯುತ್ತಿದ್ದದ್ದು. ಆಗ ಹಿಂದಿನ ಮೆಟ್ಟಿಲಿನಿಂದ ಬಸಲಿಂಗಮ್ಮ ಎದ್ದಳು. ಗಂಡ ಸತ್ತ ದಿನದಿಂದ ಅವಳು ಹುಸೇನಮ್ಮನೊಡನೆ ಒಂದು ಮಾತೂ ಆಡಿರಲಿಲ್ಲ. ತಪ್ಪು ಯಾರದೆಂದು ಗೊತ್ತಾದ ಮೇಲೂ ಆಡಿರಲಿಲ್ಲ. ದಂಡೆಗೆ ಹೋಗಬೇಕಾದಾಗ ಎಲ್ಲರ ಹಿಂದೆ ಹತ್ತಿ, ಮುಖ ತಿರುಗಿಸಿ ಕೂರುತ್ತಿದ್ದಳು. ಈಗ ಅವಳು ಜನರ ನಡುವಿನಿಂದ ಇಳಿದು ಬಂದು, ಸೀರೆಯ ನೆರಿಗೆ ಎತ್ತಿ ಹಿಡಿದು ದೋಣಿಯೊಳಗೆ ಕಾಲಿಟ್ಟಳು. ದೋಣಿ ಒಮ್ಮೆ ತೊನೆಯಿತು. ಹುಸೇನಮ್ಮ ಕೈ ಚಾಚಿದಳು. ಬಸಲಿಂಗಮ್ಮ ಆ ಕೈಯನ್ನು ಹಿಡಿದು, ಚುಕ್ಕಾಣಿಗೆ ಎದುರಾಗಿ ಕುಳಿತಳು.

“ದಿನಾ ನಾ ಬರತೀನಿ,” ಎಂದಳು. “ನಡಿ.”